ಬ್ರೌಸರ್‌ನಲ್ಲಿ ಪುಟ ಸರಿಯಾಗೇ ಇದೆ, ವ್ಯಾಲಿಡೇಟರ್ ಮಾತ್ರ ಒಪ್ಪುತ್ತಿಲ್ಲ

ಅರ್ಧಕೋಡ್

ನಾನು ತೆಗೆದ ಹಕ್ಕಿ ಫೋಟೋಗಳಿಗೆ ಅಂತ ಒಂದೇ ಪುಟದ ಸೈಟ್ ಮಾಡಿದ್ದೇನೆ. 12 ಫೋಟೋ, ಪ್ರತಿಯೊಂದಕ್ಕೂ ಒಂದು ಕಾರ್ಡ್, ಕಾರ್ಡಿನೊಳಗೆ ಸ್ವಲ್ಪ ವಿವರ, ಕೊನೆಗೊಂದು ವಿಡಿಯೋ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಚೆನ್ನಾಗಿ ಕಾಣುತ್ತದೆ, ಫೋನಿನಲ್ಲೂ ಸರಿ ಇದೆ. ಯಾರೋ ಹೇಳಿದರು ಅಂತ ಸುಮ್ನೆ, ಎಚ್‌ಟಿಎಂಎಲ್ ತಪ್ಪು ಹುಡುಕಿ ಹೇಳುವ ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ ಹಾಕಿ ನೋಡಿದೆ. ಅಲ್ಲಿಂದ ತಲೆನೋವು ಶುರು.

5 ಎರರ್ ತೋರಿಸುತ್ತಿದೆ. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಹೆಡ್ (ಪುಟದ ಬಗ್ಗೆ ಮಾಹಿತಿ ಇರುವ, ಕಣ್ಣಿಗೆ ಕಾಣದ ಭಾಗ) ಒಳಗಿನ ನೋಸ್ಕ್ರಿಪ್ಟ್‌ನಲ್ಲಿ ಐಎಂಜಿ, ಅಂದರೆ ಚಿತ್ರದ ಟ್ಯಾಗ್, ಬರಬಾರದಂತೆ. ನೋಸ್ಕ್ರಿಪ್ಟ್ ಮುಚ್ಚುವ ಟ್ಯಾಗ್ ಸ್ಟ್ರೇ ಅಂತೆ, ಅಂದರೆ ಜೋಡಿ ಇಲ್ಲದೆ ಒಂಟಿಯಾಗಿ ನಿಂತಿದೆ. ಹೆಡ್ ಮುಚ್ಚುವ ಟ್ಯಾಗ್ ಕೂಡ ಸ್ಟ್ರೇ. ಬಾಡಿ (ಕಣ್ಣಿಗೆ ಕಾಣುವ ಭಾಗ) ಟ್ಯಾಗ್ ಬಂತು, ಆದರೆ ಬಾಡಿ ಆಗಲೇ ತೆರೆದಿದೆಯಂತೆ. ಐದನೆಯದು ಇನ್ನೂ ಚೆನ್ನಾಗಿದೆ: ಇದಾದ ಮೇಲೆ ಚೇತರಿಸಿಕೊಳ್ಳಲು ಆಗುವುದಿಲ್ಲ, ಮುಂದಿನ ಎರರ್‌ಗಳನ್ನು ಕೈಬಿಡಲಾಗಿದೆ.

ನನ್ನ ಫೈಲಿನಲ್ಲಿ ಬಾಡಿ ಇರುವುದು ಒಂದೇ. ಮೂರು ಸಲ ಹುಡುಕಿದೆ. ಹೆಡ್ ಮುಚ್ಚುವ ಟ್ಯಾಗ್ ಸ್ಟ್ರೇ ಅಂತ ಅದೇ ಹೇಳಿತಲ್ಲ, ಸರಿ ಅಂತ ಅದನ್ನು ಅಳಿಸಿಯೂ ನೋಡಿದೆ. ಏನೂ ಉಪಯೋಗ ಆಗಲಿಲ್ಲ. ಎಷ್ಟು ಜನ ನೋಡಿದರು ಅಂತ ಎಣಿಸುವ ಒಂದು ಕೋಡ್ ಅನ್ನು ಹೆಡ್‌ನಲ್ಲಿ ಹಾಕಿದ್ದೇನೆ, ಅವರು ಕೊಟ್ಟ ಹಾಗೇ ಕಾಪಿ ಮಾಡಿದ್ದು. ತಪ್ಪು ನನ್ನದಾ, ಅವರದಾ, ವ್ಯಾಲಿಡೇಟರ್‌ದಾ?

ಕೋನಾವರಣ

ಹೆಡ್ ಟ್ಯಾಗ್ ಅಳಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು :) ಅದನ್ನು ವಾಪಸ್ ಹಾಕಿ. ಬಿಟ್ಟರೂ ಎಚ್‌ಟಿಎಂಎಲ್ ಪ್ರಕಾರ ತಪ್ಪಲ್ಲ, ಹೆಡ್ ಮುಚ್ಚುವ ಟ್ಯಾಗ್ ಕಡ್ಡಾಯವೇ ಅಲ್ಲ, ಆದರೆ ಓದುವವರಿಗೆ ಇದ್ದರೆ ಒಳ್ಳೆಯದು.

ನಿಮ್ಮ 5 ಎರರ್‌ನಲ್ಲಿ ನಿಜವಾದ ತಪ್ಪು ಮೊದಲನೆಯದು ಮಾತ್ರ. ಉಳಿದ ನಾಲ್ಕು ಅದರ ಬಾಲ.

ಏನಾಯ್ತು ನೋಡಿ. ನೀವು ಅಂಟಿಸಿದ ಎಣಿಕೆ ಕೋಡ್‌ನ ಕೊನೆಯಲ್ಲಿ, ಜಾವಾಸ್ಕ್ರಿಪ್ಟ್ ಇಲ್ಲದವರಿಗೆ ಅಂತ ನೋಸ್ಕ್ರಿಪ್ಟ್ ಒಳಗೆ 1 ಪಿಕ್ಸೆಲ್‌ನ ಒಂದು ಚಿತ್ರ ಇರುತ್ತದೆ. ಹೆಡ್ ಒಳಗಿರುವ ನೋಸ್ಕ್ರಿಪ್ಟ್‌ನಲ್ಲಿ ಲಿಂಕ್, ಸ್ಟೈಲ್, ಮೆಟಾ ಈ ಮೂರಕ್ಕೆ ಮಾತ್ರ ಜಾಗ. ಚಿತ್ರ ಕಂಡ ತಕ್ಷಣ ಪಾರ್ಸರ್, ಅಂದರೆ ಟ್ಯಾಗ್‌ಗಳನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗ, ಏನಂದುಕೊಳ್ಳುತ್ತದೆ? ಓ, ಹೆಡ್ ಮುಗೀತು, ಇವರು ಮುಚ್ಚಲು ಮರೆತಿದ್ದಾರೆ, ಬಾಡಿ ಶುರುವಾಗಿದೆ ಅಂತ. ತಾನೇ ಹೆಡ್ ಮುಚ್ಚಿ, ತಾನೇ ಬಾಡಿ ತೆರೆದುಬಿಡುತ್ತದೆ. ಆಮೇಲೆ ನೀವು ಬರೆದ ಮುಚ್ಚುವ ನೋಸ್ಕ್ರಿಪ್ಟ್ ಬಂದಾಗ ಮುಚ್ಚಲು ಏನೂ ಇಲ್ಲ, ಸ್ಟ್ರೇ. ಮುಚ್ಚುವ ಹೆಡ್, ಅದೂ ಸ್ಟ್ರೇ. ನಿಮ್ಮ ಅಸಲಿ ಬಾಡಿ ಬಂದಾಗ ಆಗಲೇ ಒಂದು ಬಾಡಿ ಇದೆ. ಮೂರಲ್ಲ, ಮೂವತ್ತು ಸಲ ಹುಡುಕಿದರೂ ಆ ಎರಡನೇ ಬಾಡಿ ಫೈಲಿನಲ್ಲಿ ಸಿಗುವುದಿಲ್ಲ, ಅದು ಪಾರ್ಸರ್ ಸೃಷ್ಟಿ.

ಹಾಗಾದರೆ ಕ್ರೋಮ್‌ನಲ್ಲಿ ಯಾಕೆ ಏನೂ ಆಗಲಿಲ್ಲ ಅಂತ ಕೇಳುತ್ತೀರಿ ಅಲ್ವಾ? ಜಾವಾಸ್ಕ್ರಿಪ್ಟ್ ಆನ್ ಇರುವಾಗ ಬ್ರೌಸರ್ ನೋಸ್ಕ್ರಿಪ್ಟ್ ಒಳಗಿರುವುದನ್ನು ಟ್ಯಾಗ್ ಅಂತ ಓದುವುದೇ ಇಲ್ಲ, ಬರೀ ಅಕ್ಷರ ಅಂತ ದಾಟಿ ಹೋಗುತ್ತದೆ. ವ್ಯಾಲಿಡೇಟರ್ ಓದುವುದು ಜಾವಾಸ್ಕ್ರಿಪ್ಟ್ ಆಫ್ ಇದ್ದ ಹಾಗೆ. ಒಂದೇ ಫೈಲ್, ಎರಡು ಓದು. ಆಫ್ ಮಾಡಿಕೊಂಡು ಬರುವ ಯಾರಿಗೇ ಆದರೂ, ಯಾವ ಯಂತ್ರಕ್ಕೇ ಆದರೂ, ನಿಮ್ಮ ಹೆಡ್ ಅಲ್ಲಿಗೇ ಮುಗಿದಿರುತ್ತದೆ. ಅದರ ಕೆಳಗೆ ಕೆನಾನಿಕಲ್ ಲಿಂಕ್ (ಪುಟದ ಅಸಲಿ ವಿಳಾಸ ಇದು ಅಂತ ಹೇಳುವುದು) ಏನಾದರೂ ಇದ್ದರೆ ಅದು ಬಾಡಿಗೆ ಬಿದ್ದಿರುತ್ತದೆ, ಬಾಡಿಯಲ್ಲಿರುವ ಕೆನಾನಿಕಲ್ ಅನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪರಿಹಾರ ಸುಲಭ. ಸ್ಕ್ರಿಪ್ಟ್ ಭಾಗ ಹೆಡ್‌ನಲ್ಲೇ ಇರಲಿ, ನೋಸ್ಕ್ರಿಪ್ಟ್ ಭಾಗವನ್ನು ಮಾತ್ರ ಬಾಡಿ ತೆರೆದ ಮೇಲೆ ಹಾಕಿ. ಇನ್ನೊಂದು, ಆ ಸ್ಕ್ರಿಪ್ಟ್ ಅನ್ನು ಹೆಡ್‌ನ ತುತ್ತತುದಿಯಲ್ಲಿ ಅಂಟಿಸಿದ್ದರೆ ಕೆಳಗೆ ಇಳಿಸಿ. ಯುಟಿಎಫ್-8 ಅಂತ ಹೇಳುವ ಮೆಟಾ ಟ್ಯಾಗ್ ಫೈಲಿನ ಮೊದಲ 1024 ಬೈಟ್‌ಗಳ ಒಳಗೆ ಮುಗಿದಿರಬೇಕು ಅಂತ ನಿಯಮ ಇದೆ. ಅದರ ಮೇಲೆ ಉದ್ದದ ಸ್ಕ್ರಿಪ್ಟ್ ಕೂರಿಸಿ ಕನ್ನಡ ಅಕ್ಷರಗಳ ಜಾಗದಲ್ಲಿ ಚಿತ್ರವಿಚಿತ್ರ ಚಿಹ್ನೆ ಬಂತು ಅಂತ ಅಳುವವರನ್ನು ನೋಡಿದ್ದೇನೆ.

ಮತ್ತೆ ಆ ಐದನೇ ಸಾಲನ್ನು ಮರೆಯಬೇಡಿ. ಅದು ಅಲ್ಲಿಗೇ ನಿಂತಿದೆ, ಪುಟದ ಉಳಿದ ಭಾಗವನ್ನು ಇನ್ನೂ ನೋಡಿಯೇ ಇಲ್ಲ. ಇದನ್ನು ಸರಿ ಮಾಡಿದ ಮೇಲೆ ಜಾಸ್ತಿ ಎರರ್ ಬಂದರೆ ನನ್ನನ್ನು ಬೈಯಬೇಡಿ.

ಅರ್ಧಕೋಡ್

ಬೈಯುವುದಿಲ್ಲ, ಆದರೆ 38 ಬಂತು :(

ನೋಸ್ಕ್ರಿಪ್ಟ್ ಕೆಳಗೆ ಹಾಕಿದೆ, ಆ ಐದೂ ಮಾಯ. ಈಗ ಪಟ್ಟಿ ಹೀಗಿದೆ. ಪಿ ಟ್ಯಾಗ್ ತೆರೆದೇ ಇಲ್ಲ, ಆದರೂ ಮುಚ್ಚಿದ್ದೀರಿ ಅಂತ 12 ಸಲ. ಐಡಿ (ಒಂದೇ ಟ್ಯಾಗ್‌ಗೆ ಕೊಡಬೇಕಾದ ಗುರುತಿನ ಹೆಸರು) ಎರಡನೇ ಸಲ ಬಂದಿದೆ ಅಂತ 11 ಸಲ. ಚಿತ್ರಕ್ಕೆ ಆಲ್ಟ್ (ಚಿತ್ರದ ಬದಲಿಗೆ ಓದುವ ವಿವರ) ಇಲ್ಲ ಅಂತ 12. ಸೆಂಟರ್ ಟ್ಯಾಗ್ ಹಳೆಯದಾಯ್ತು ಅಂತ ಒಂದು. ಮೇಲಿನ ಬ್ಯಾನರ್ ಚಿತ್ರದ ವಿಡ್ತ್‌ನಲ್ಲಿ 100% ಅಂತ ಬರೆದಿದ್ದಕ್ಕೆ, ಅಂಕಿ ಬರಬೇಕಿದ್ದ ಕಡೆ ಶೇಕಡಾ ಚಿಹ್ನೆ ಬಂದಿದೆ ಅಂತ ಒಂದು. ವಿಡಿಯೋದ ಐಫ್ರೇಮ್‌ನಲ್ಲಿ ಫ್ರೇಮ್‌ಬಾರ್ಡರ್ ಇದೆ ಅಂತ ಇನ್ನೊಂದು. ಪಿ ಟ್ಯಾಗ್ ತೆರೆದಿಲ್ಲ ಅನ್ನುವುದಂತೂ ಶುದ್ಧ ಸುಳ್ಳು, ಕಣ್ಣೆದುರೇ ಇದೆ.

ಇಷ್ಟೆಲ್ಲಾ ಸರಿ ಮಾಡಬೇಕಾ ನಿಜವಾಗ್ಲೂ?

ಹಳೇಚಕ್ರ

ಬೇಡ, ಬಿಡಿ. 15 ವರ್ಷದಿಂದ ಪುಟ ಬರೆಯುತ್ತಿದ್ದೇನೆ, ಗ್ರಾಹಕರು ಯಾರೂ ವ್ಯಾಲಿಡೇಟರ್ ತೆರೆದು ನೋಡಿದ್ದಿಲ್ಲ. ದೊಡ್ಡ ದೊಡ್ಡ ಸೈಟ್‌ಗಳನ್ನು ಅದಕ್ಕೆ ಹಾಕಿ ನೋಡಿ, ಎರರ್ ರಾಶಿ ಬೀಳುತ್ತದೆ, ಆದರೂ ಓಡುತ್ತಿವೆ. ಒಂದು ಕಾಲದಲ್ಲಿ ಎಕ್ಸ್‌ಎಚ್‌ಟಿಎಂಎಲ್ ಅಂತ ಬಂತು, 2000ದಲ್ಲಿ. ಅದನ್ನು ಎಕ್ಸ್‌ಎಂಎಲ್ ಅಂತ ಕಳಿಸಿದರೆ ಒಂದು ಟ್ಯಾಗ್ ಮುಚ್ಚದೇ ಹೋದರೂ ಪುಟದ ಬದಲು ಎರರ್ ಪರದೆ. ಜನ ಅದನ್ನು ಒಪ್ಪಲಿಲ್ಲ. ಅದಕ್ಕೇ ಎಚ್‌ಟಿಎಂಎಲ್5ರಲ್ಲಿ ತಪ್ಪು ಬರೆದರೆ ಬ್ರೌಸರ್ ಹೇಗೆ ರಿಪೇರಿ ಮಾಡಬೇಕು ಅಂತಲೂ ಬರೆದಿಟ್ಟರು, ಎಲ್ಲ ಬ್ರೌಸರ್‌ಗಳೂ ಈಗ ಒಂದೇ ರೀತಿ ರಿಪೇರಿ ಮಾಡುತ್ತವೆ. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 (ಅಂಗವಿಕಲರಿಗೂ ಪುಟ ಎಟುಕಲಿ ಅಂತ ಇರುವ ಮಾರ್ಗಸೂಚಿ) ಕೂಡ ಮಾರ್ಕಪ್ ಪಾರ್ಸಿಂಗ್ ಬಗ್ಗೆ ಇದ್ದ 4.1.1 ನಿಯಮವನ್ನೇ ತೆಗೆದುಹಾಕಿತು. ಅವರೇ ಬಿಟ್ಟ ಮೇಲೆ ನಿಮಗೇಕೆ?

ಕೋನಾವರಣ

ಹಳೇಚಕ್ರ ಅವರು ಹೇಳಿದ ಸಂಗತಿಗಳೆಲ್ಲ ಸರಿ, ಅದರಿಂದ ಎಳೆದ ತೀರ್ಮಾನ ನನಗೆ ಒಪ್ಪಿಗೆ ಇಲ್ಲ. ಎಲ್ಲ ಬ್ರೌಸರ್‌ಗಳೂ ಒಂದೇ ರೀತಿ ರಿಪೇರಿ ಮಾಡುತ್ತವೆ ನಿಜ. ನಿಮಗೆ ಬೇಕಾದ ರೀತಿ ಮಾಡುತ್ತವೆ ಅಂತ ಯಾರು ಹೇಳಿದರು? ಡಬ್ಲ್ಯುಸಿಎಜಿ 4.1.1 ತೆಗೆದರೂ ಆಲ್ಟ್ ಬೇಕು ಅನ್ನುವ ನಿಯಮ 1.1.1ರಲ್ಲಿ ಹಾಗೇ ಇದೆ.

ಅರ್ಧಕೋಡ್, ನಿಮ್ಮದು 38 ತಪ್ಪಲ್ಲ, 6 ತಪ್ಪು. ಕೂಡಿ ನೋಡಿ: 12, 11, 12, ಮತ್ತೆ ಚಿಲ್ಲರೆ 3. ಒಂದು ಕಾರ್ಡ್ ಬರೆದು 12 ಸಲ ಕಾಪಿ ಮಾಡಿದ್ದೀರಿ, ಜೊತೆಗೆ ತಪ್ಪೂ 12 ಸಲ ಕಾಪಿ ಆಗಿದೆ. ಐಡಿಗೆ ಮಾತ್ರ 11 ಯಾಕೆಂದರೆ ಮೊದಲನೆಯದು ತಪ್ಪಲ್ಲ, ಅದರ ನಂತರ ಬಂದವು ತಪ್ಪು. ಒಂದು ಕಾರ್ಡನ್ನು ಇಲ್ಲಿ ಹಾಕಿ, ಉಳಿದಿದ್ದು ಆಮೇಲೆ.

ಅರ್ಧಕೋಡ್

ಕಾರ್ಡ್ ಹೀಗಿದೆ, ಟ್ಯಾಗ್ ಹೆಸರು ಕನ್ನಡದಲ್ಲೇ ಬರೆಯುತ್ತೇನೆ. ಹೊರಗೆ ಒಂದು ಡಿವ್ (ಬರೀ ಡಬ್ಬಿಯಂಥ ಟ್ಯಾಗ್), ಫ್ಲೆಕ್ಸ್ ಹಾಕಿ ಮೇಲಿಂದ ಕೆಳಗೆ ಜೋಡಿಸಿದ್ದು. ಒಳಗೆ ಐಎಂಜಿ, ಅದರ ಐಡಿ ‘ಫೋಟೋ’. ಆಮೇಲೆ ‘ವಿವರ’ ಅನ್ನುವ ಕ್ಲಾಸ್‌ನ ಪಿ, ಅದರಲ್ಲಿ ಹಕ್ಕಿಯ ಬಗ್ಗೆ ಒಂದು ಸಾಲು, ಕೆಳಗೆ ಕ್ಯಾಮೆರಾ, ಲೆನ್ಸ್, ಶಟರ್ ವೇಗ ಇವಕ್ಕೆ ಯುಎಲ್ ಪಟ್ಟಿ, ಪಟ್ಟಿ ಮುಗಿದ ಮೇಲೆ ಪಿ ಮುಚ್ಚಿದ್ದೇನೆ. ಕೊನೆಗೆ ‘ದೊಡ್ಡದಾಗಿ ನೋಡಿ’ ಅನ್ನುವ ಬಟನ್.

ಕೋನಾವರಣ

ಪಿ ಟ್ಯಾಗ್ ಅಂದರೆ ಪ್ಯಾರಾಗ್ರಾಫ್. ಅದರೊಳಗೆ ಅಕ್ಷರ, ಲಿಂಕ್, ದಪ್ಪಕ್ಷರ, ಚಿತ್ರ ಇಂಥವು ಇರಬಹುದು. ಪಟ್ಟಿ, ಡಿವ್, ಟೇಬಲ್, ಇನ್ನೊಂದು ಪಿ ಇವು ಯಾವುದೂ ಇರುವ ಹಾಗಿಲ್ಲ. ಮತ್ತೆ ಪಿ ಮುಚ್ಚುವ ಟ್ಯಾಗ್ ಕೂಡ ಬಿಡಬಹುದಾದದ್ದು. ಈ ಎರಡನ್ನು ಸೇರಿಸಿ ಯೋಚಿಸಿ: ಯುಎಲ್ ಶುರುವಾಗುವುದು ಕಂಡರೆ ಪಾರ್ಸರ್ ಪಿಯನ್ನು ತಾನೇ ಮುಚ್ಚುತ್ತದೆ. ಪಟ್ಟಿ ಪಿಯ ಹೊರಗೆ ಬೀಳುತ್ತದೆ. ಪಟ್ಟಿ ಮುಗಿದ ಮೇಲೆ ನೀವು ಬರೆದ ಮುಚ್ಚುವ ಪಿ ಬರುತ್ತದೆ, ಮುಚ್ಚಲು ಪಿ ಇಲ್ಲ. ವ್ಯಾಲಿಡೇಟರ್ ಸುಳ್ಳು ಹೇಳಿಲ್ಲ.

ಮಜಾ ಇರುವುದು ಇಲ್ಲಿಂದ ಮುಂದೆ. ಬೇರೆ ಒಂಟಿ ಮುಚ್ಚುವ ಟ್ಯಾಗ್‌ಗಳನ್ನು ಬ್ರೌಸರ್ ಸಾಮಾನ್ಯವಾಗಿ ಎಸೆದುಬಿಡುತ್ತದೆ. ಮುಚ್ಚುವ ಪಿಯನ್ನು ಎಸೆಯುವುದಿಲ್ಲ, ಅದಕ್ಕೊಂದು ತೆರೆಯುವ ಪಿ ಹುಟ್ಟಿಸಿ ಖಾಲಿ ಪ್ಯಾರಾಗ್ರಾಫ್ ಮಾಡಿಡುತ್ತದೆ. ಖಾಲಿ ಪಿಗೂ ಮೇಲೆ ಕೆಳಗೆ ಮಾರ್ಜಿನ್ ಇರುತ್ತದೆ, ನಿಮ್ಮ ಕಾರ್ಡ್ ಫ್ಲೆಕ್ಸ್ ಆದ್ದರಿಂದ ಆ ಮಾರ್ಜಿನ್‌ಗಳು ಒಂದರಲ್ಲೊಂದು ಸೇರಿಕೊಳ್ಳುವುದೂ ಇಲ್ಲ. ಅಂದರೆ ಪಟ್ಟಿಗೂ ಬಟನ್‌ಗೂ ನಡುವೆ ಯಾಕೆ ಅಂತ ಗೊತ್ತಾಗದ ಒಂದು ಖಾಲಿ ಜಾಗ ಇರಬೇಕಲ್ಲ? ಮತ್ತೆ ‘ವಿವರ’ದ ಒಳಗಿನ ಯುಎಲ್‌ಗೆ ಅಂತ ಬರೆದ ಸಿಎಸ್‌ಎಸ್ (ಪುಟದ ಅಂದಚೆಂದದ ನಿಯಮ) ಒಂದೂ ತಗುಲುತ್ತಿರಬಾರದು, ಯಾಕೆಂದರೆ ಒಳಗೆ ಯುಎಲ್ಲೇ ಇಲ್ಲ.

ಆ ‘ದೊಡ್ಡದಾಗಿ ನೋಡಿ’ ಬಟನ್ ಐಡಿ ಹಿಡಿದು ಚಿತ್ರ ಹುಡುಕುತ್ತಿದ್ದರೆ, ಯಾವ ಕಾರ್ಡಿನದ್ದು ಒತ್ತಿದರೂ ಮೊದಲ ಹಕ್ಕಿಯೇ ತೆರೆಯುತ್ತಿರಬೇಕು. ಒಂದೇ ಐಡಿ ಹಲವು ಕಡೆ ಇದ್ದರೆ ಜಾವಾಸ್ಕ್ರಿಪ್ಟ್‌ಗೆ ಸಿಗುವುದು ಮೊದಲನೆಯದು.

ಅರ್ಧಕೋಡ್

ನೀವು ನನ್ನ ಕಂಪ್ಯೂಟರ್ ಒಳಗೆ ಕೂತಿದ್ದೀರಾ?

ಖಾಲಿ ಜಾಗ ಇತ್ತು. ಬಟನ್‌ಗೆ ಮೈನಸ್ ಮಾರ್ಜಿನ್ ಕೊಟ್ಟು ಮೇಲಕ್ಕೆ ಎಳೆದಿದ್ದೆ. ಯುಎಲ್‌ಗೆ ಸಿಎಸ್‌ಎಸ್ ತಗುಲದೆ ಒಂದೊಂದು ಸಾಲಿಗೂ ಇಂಪಾರ್ಟೆಂಟ್ (ಈ ನಿಯಮವೇ ಗೆಲ್ಲಲಿ ಅನ್ನುವ ಗುರುತು) ಹಾಕಿದ್ದೆ, ಅದಕ್ಕೂ ಬಗ್ಗಲಿಲ್ಲ, ಕೊನೆಗೆ ಪ್ರತಿ ಯುಎಲ್‌ಗೂ ಸ್ಟೈಲ್ ಆಟ್ರಿಬ್ಯೂಟ್ ಬರೆದೆ. ಬಟನ್ ಯಾವುದು ಒತ್ತಿದರೂ ಮೊದಲ ಫೋಟೋ ಬರುತ್ತಿದ್ದದ್ದೂ ನಿಜ, ಅದು ಜಾವಾಸ್ಕ್ರಿಪ್ಟ್ ಸಮಸ್ಯೆ ಅಂತ ಬೇರೆಯಾಗಿ ಕೇಳೋಣ ಅಂದುಕೊಂಡಿದ್ದೆ. ಮೇಲೆ ‘ಪುಟ ಸರಿಯಾಗೇ ಇದೆ’ ಅಂತ ಬರೆದಿದ್ದೇನಲ್ಲ, ನಾಚಿಕೆ ಆಗುತ್ತಿದೆ.

ಓರೆಗೆರೆ

ನಾಚಿಕೆ ಏನಿಲ್ಲ, ನನ್ನ ಕಥೆ ಕೇಳಿ. ಕೆಲಸದಲ್ಲಿ ಒಂದು ವರದಿ ಪುಟ. ಟೇಬಲ್‌ನ ಕೊನೆಯಲ್ಲಿ ‘ಒಟ್ಟು’ ಅಂತ ಒಂದು ಸಾಲು ಬೇಕು, ನಾನು ಅವಸರದಲ್ಲಿ ಟೇಬಲ್ ಮುಚ್ಚುವ ಮುಂಚೆ ಒಂದು ಡಿವ್ ಹಾಕಿ ಅದರಲ್ಲಿ ಮೊತ್ತ ಬರೆದೆ, ಸಾಲಿನ ಟಿಆರ್ ಇಲ್ಲ, ಕೋಶದ ಟಿಡಿ ಇಲ್ಲ. ತೆರೆದು ನೋಡಿದರೆ ಒಟ್ಟು ಮೊತ್ತ ಟೇಬಲ್‌ನ ಮೇಲೆ, ಹೆಡಿಂಗ್‌ಗಿಂತ ಮುಂಚೆ! ಎರಡು ದಿನ ಸಿಎಸ್‌ಎಸ್‌ನಲ್ಲಿ ಹುಡುಕಿದೆ, ಯಾರೋ ಫ್ಲೋಟ್ ಹಾಕಿದ್ದಾರೆ, ಯಾರೋ ಪೊಸಿಷನ್ ಹಾಕಿದ್ದಾರೆ ಅಂತ ಇಡೀ ತಂಡವನ್ನು ಅನುಮಾನಿಸಿದೆ. ವಿಷಯ ಏನೆಂದರೆ ಟೇಬಲ್ ಒಳಗೆ ನೇರವಾಗಿ ಬರಬಾರದ್ದು ಬಂದರೆ ಪಾರ್ಸರ್ ಅದನ್ನು ಎತ್ತಿ ಟೇಬಲ್‌ನ ಮುಂದಕ್ಕೆ ಇಡುತ್ತದೆ. ಇದಕ್ಕೆ ಫಾಸ್ಟರ್ ಪೇರೆಂಟಿಂಗ್ ಅಂತ ಹೆಸರು, ಸಾಕು ತಂದೆತಾಯಿ ಕೊಡಿಸುವುದು ಅಂತ ಅರ್ಥ, ಹೆಸರಿಟ್ಟವರು ಕರುಣಾಮಯಿ. ವ್ಯಾಲಿಡೇಟರ್‌ಗೆ ಹಾಕಿದ್ದರೆ ಎರಡು ನಿಮಿಷದ ಕೆಲಸ.

ಆಗ ಕಲಿತ ಒಂದು ಅಭ್ಯಾಸ ಹೇಳುತ್ತೇನೆ. ‘ವ್ಯೂ ಸೋರ್ಸ್’ ತೋರಿಸುವುದು ನೀವು ಬರೆದದ್ದನ್ನು. ಡೆವಲಪರ್ ಟೂಲ್ಸ್‌ನ ಎಲಿಮೆಂಟ್ಸ್ ತೋರಿಸುವುದು ಬ್ರೌಸರ್ ರಿಪೇರಿ ಮಾಡಿದ ನಂತರದ್ದನ್ನು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ ಖಾಲಿ ಪಿ, ಜಾಗ ಬದಲಿಸಿದ ಡಿವ್, ನೀವು ಬರೆಯದ ಟಿಬಾಡಿ (ಟೇಬಲ್‌ನ ಸಾಲುಗಳನ್ನು ಸುತ್ತುವ ಟ್ಯಾಗ್) ಎಲ್ಲ ಕಣ್ಣಿಗೆ ಬೀಳುತ್ತವೆ. ಟಿಬಾಡಿ ಬರೆಯದೆ ಇರುವುದು ತಪ್ಪಲ್ಲ, ಅದನ್ನು ಪಾರ್ಸರ್ ಸೇರಿಸಿಕೊಳ್ಳುತ್ತದೆ, ಆದರೆ ಸಿಎಸ್‌ಎಸ್‌ನಲ್ಲಿ ಟೇಬಲ್‌ನ ನೇರ ಮಗು ಟಿಆರ್ ಅಂತ ಬರೆದರೆ ಹೊಂದುವುದೇ ಇಲ್ಲ, ನಡುವೆ ಟಿಬಾಡಿ ಬಂದು ಕೂತಿರುತ್ತದೆ. ಎಲಿಮೆಂಟ್ಸ್‌ನಿಂದ ಕಾಪಿ ಮಾಡಿ ವ್ಯಾಲಿಡೇಟರ್‌ಗೆ ಹಾಕಬೇಡಿ ಮಾತ್ರ. ಆಗಲೇ ರಿಪೇರಿ ಆಗಿರುವುದರಿಂದ ಅರ್ಧ ತಪ್ಪು ಕಾಣುವುದಿಲ್ಲ.

ನನ್ನ ಹೆಸರೇ ಓರೆಗೆರೆ ಆದ್ದರಿಂದ ಇದೊಂದನ್ನು ಹೇಳದೆ ಹೋಗಲಾರೆ. ಬಿಆರ್, ಐಎಂಜಿ, ಇನ್‌ಪುಟ್ ಇಂಥ ಒಳಗೆ ಏನೂ ಇಲ್ಲದ ಟ್ಯಾಗ್‌ಗಳ ಕೊನೆಯಲ್ಲಿ ಓರೆಗೆರೆ (/) ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಡಿವ್ ಅಥವಾ ಸ್ಕ್ರಿಪ್ಟ್‌ಗೆ ಹಾಗೆ ಓರೆಗೆರೆ ಹಾಕಿ ಮುಚ್ಚಿತು ಅಂದುಕೊಂಡರೆ ಕೆಟ್ಟಿರಿ, ಎಚ್‌ಟಿಎಂಎಲ್ ಆ ಗೆರೆಯನ್ನು ನೋಡುವುದೇ ಇಲ್ಲ, ಟ್ಯಾಗ್ ತೆರೆದೇ ಇರುತ್ತದೆ. ಡಿವ್ ಆದರೆ ಲೇಔಟ್ ಮಾತ್ರ ಓಲಾಡುತ್ತದೆ. ಸ್ಕ್ರಿಪ್ಟ್ ಆದರೆ ಮುಂದಿನ ಮುಚ್ಚುವ ಸ್ಕ್ರಿಪ್ಟ್ ಸಿಗುವವರೆಗೆ ಇಡೀ ಪುಟವನ್ನೇ ಕೋಡ್ ಅಂತ ನುಂಗುತ್ತದೆ, ಬಿಳಿ ಪರದೆ. ರಿಯಾಕ್ಟ್ (ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ) ಬರೆದು ಅಭ್ಯಾಸ ಇದ್ದವರಿಗೆ ಇದು ಜಾಸ್ತಿ ಆಗುತ್ತದೆ, ಅಲ್ಲಿ ಓರೆಗೆರೆ ಸಲ್ಲುತ್ತದೆ.

ಹಳೇಚಕ್ರ

ಸರಿ, ಪಿ ಮತ್ತು ಐಡಿ ವಿಷಯದಲ್ಲಿ ನಾನು ಸೋತೆ. ಸೆಂಟರ್ ಮತ್ತು ಫ್ರೇಮ್‌ಬಾರ್ಡರ್ ಬಗ್ಗೆ ನನ್ನ ಮಾತು ಹಾಗೇ ನಿಲ್ಲುತ್ತದೆ. ಅವು ಇದ್ದರೆ ಯಾವ ಆಕಾಶವೂ ಬೀಳುವುದಿಲ್ಲ.

ಕೋನಾವರಣ

ಒಪ್ಪಿದೆ. ಆ ಮೂರು ಕೊನೆಗೆ ಮಾಡಿ, ಬೇಕಾದರೆ ಬಿಡಿ. ಬ್ಯಾನರ್‌ನ ವಿಡ್ತ್‌ನಲ್ಲಿ ಬರೀ ಅಂಕಿ ಬರೆಯಬೇಕು, ಪಿಎಕ್ಸ್ ಅಂತಲೂ ಬರೆಯಬಾರದು, ಶೇಕಡಾ ಬೇಕಿದ್ದರೆ ಸಿಎಸ್‌ಎಸ್‌ನಲ್ಲಿ. ವಿಡಿಯೋ ಕೋಡ್ ಬೇರೆಯವರು ಕೊಟ್ಟದ್ದಾದರೂ ಫ್ರೇಮ್‌ಬಾರ್ಡರ್ ತೆಗೆದು ಸಿಎಸ್‌ಎಸ್‌ನಲ್ಲಿ ಬಾರ್ಡರ್ 0 ಕೊಡಬಹುದು.

ಆಲ್ಟ್ ಮಾತ್ರ ಎರರ್ ಹೋಗಲಿ ಅಂತ ಕಾಟಾಚಾರಕ್ಕೆ ಬರೆಯಬೇಡಿ. 12 ಕಡೆಯೂ ‘ಫೋಟೋ’ ಅಂತ ತುಂಬಿಸಿದರೆ ವ್ಯಾಲಿಡೇಟರ್ ಸುಮ್ಮನಾಗುತ್ತದೆ, ಅದಕ್ಕೆ ಅರ್ಥ ಗೊತ್ತಾಗುವುದಿಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಕೇಳುವವರಿಗೆ ಫೋಟೋ, ಫೋಟೋ, ಫೋಟೋ ಅಂತ 12 ಸಲ. ಆಲ್ಟ್ ಇಲ್ಲದಿದ್ದರೆ ಫೈಲಿನ ಹೆಸರನ್ನೇ ಓದುವುದುಂಟು, ಕ್ಯಾಮೆರಾ ಕೊಟ್ಟ ಅಂಕಿಗಳ ಸಮೇತ. ‘ಬೇಲಿಯ ಕಂಬದ ಮೇಲೆ ಕೂತ ಮಿಂಚುಳ್ಳಿ, ಕೊಕ್ಕಿನಲ್ಲಿ ಮೀನು’ ಅಂತ ಬರೆಯಿರಿ. ಅಲಂಕಾರಕ್ಕೆ ಹಾಕಿದ ಬಳ್ಳಿ, ಗೆರೆ ಇಂಥವಕ್ಕೆ ಆಲ್ಟ್ ಇರಲಿ, ಆದರೆ ಖಾಲಿ ಇರಲಿ. ಖಾಲಿ ಆಲ್ಟ್ ಬೇರೆ, ಆಲ್ಟೇ ಇಲ್ಲದಿರುವುದು ಬೇರೆ.

ಸೊಟ್ಟಕೊಟೇಶನ್

ತಡವಾಗಿ ಬಂದೆ. ವ್ಯಾಲಿಡೇಟರ್ ಸರಿಯಾಗಿ ಹಿಡಿಯದ ಎರಡು ವಿಷಯ ಹೇಳಿ ಹೋಗುತ್ತೇನೆ.

ಲ್ಯಾಂಗ್ ಆಟ್ರಿಬ್ಯೂಟ್‌ನಲ್ಲಿ ಕನ್ನಡಕ್ಕೆ ‘ಕೆಎನ್’ ಬರೆಯಬೇಕು. ‘ಕೆಎ’ ಅಂತ ಬರೆದ ಪುಟಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಎ ಅಂದರೆ ಜಾರ್ಜಿಯನ್ ಭಾಷೆ. ಅದೂ ಅಸಲಿ ಕೋಡೇ ಆದ್ದರಿಂದ ಎರರ್ ಪಟ್ಟಿಗೆ ಸೇರುವುದಿಲ್ಲ, ಆದರೆ ಪುಟ ಯಾವ ಭಾಷೆಯಲ್ಲಿದೆ ಅಂತ ಈ ಕೋಡ್ ನೋಡಿಯೇ ಸ್ಕ್ರೀನ್ ರೀಡರ್ ದನಿ ಆರಿಸುತ್ತದೆ.

ಇನ್ನೊಂದು, ಕೋಡನ್ನು ಚಾಟ್‌ನಿಂದಲೋ ವರ್ಡ್ ಫೈಲಿನಿಂದಲೋ ಕಾಪಿ ಮಾಡಿದಾಗ ನೇರ ಉದ್ಧರಣ ಚಿಹ್ನೆಗಳು ಸೊಟ್ಟ ಆಗಿ ಬಂದಿರುತ್ತವೆ. ಕಣ್ಣಿಗೆ ಎರಡೂ ಒಂದೇ. ಬ್ರೌಸರ್‌ಗೆ ಸೊಟ್ಟದ್ದು ಉದ್ಧರಣ ಚಿಹ್ನೆಯೇ ಅಲ್ಲ, ಆಟ್ರಿಬ್ಯೂಟ್‌ನ ಮೌಲ್ಯದಲ್ಲೇ ಸೇರಿದ ಒಂದು ಅಕ್ಷರ. ಲಿಂಕ್ ಒತ್ತಿದರೆ ಪುಟ ಸಿಗುವುದಿಲ್ಲ, ಮೇಲೆ ವಿಳಾಸದಲ್ಲಿ %ಇ2%80%9ಡಿ ಅಂತ ಏನೋ ಬಾಲ ಕಾಣುತ್ತದೆ. ಆ ಬಾಲ ಕಂಡರೆ ಬೇರೇನೂ ಹುಡುಕಬೇಡಿ, ನೇರ ಚಿಹ್ನೆ ಟೈಪ್ ಮಾಡಿ. ಸೊಟ್ಟ ಚಿಹ್ನೆಯೊಳಗೆ ಕ್ಲಾಸ್ ಹೆಸರು ಬರೆದರೆ ವ್ಯಾಲಿಡೇಟರ್ ಏನೂ ಅನ್ನದೆ ಹೋಗಬಹುದು, ನಿಮ್ಮ ಸಿಎಸ್‌ಎಸ್ ಮಾತ್ರ ತಗುಲುವುದಿಲ್ಲ.

ಅರ್ಧಕೋಡ್

ವರದಿ ಒಪ್ಪಿಸಲು ಬಂದೆ. ಪಿ ಬದಲು ಡಿವ್ ಹಾಕಿದೆ, 12 ಹೋಯ್ತು. ಐಡಿಗಳಿಗೆ 1ರಿಂದ 12ರವರೆಗೆ ಸಂಖ್ಯೆ ಸೇರಿಸಿ ಬಟನ್‌ಗಳಿಗೆ ಅದನ್ನೇ ಕೊಟ್ಟೆ, ಈಗ ಗೂಬೆಯ ಬಟನ್ ಒತ್ತಿದರೆ ಗೂಬೆಯೇ ಬರುತ್ತದೆ. ಆಲ್ಟ್ ಬರೆಯಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು, ಒಂದು ಹಕ್ಕಿ ಯಾವುದು ಅಂತ ನನಗೇ ಗೊತ್ತಿರಲಿಲ್ಲ. ಚಿಲ್ಲರೆ ಮೂರನ್ನೂ ತೆಗೆದೆ. ಲ್ಯಾಂಗ್ ತೆರೆದು ನೋಡಿದರೆ ಕೆಎ ಅಂತಲೇ ಇತ್ತು, ಏನು ಹೇಳಲಿ.

ವ್ಯಾಲಿಡೇಟರ್ ಹಸಿರು ತೋರಿಸಿತು. ಖುಷಿಯಾಗಿ ಪುಟ ತೆರೆದರೆ ಬಟನ್ ಹೋಗಿ ಶಟರ್ ವೇಗದ ಸಾಲಿನ ಮೇಲೆ ಕೂತಿದೆ! ಹತ್ತು ನಿಮಿಷ ಒದ್ದಾಡಿದ ಮೇಲೆ ನೆನಪಾಯ್ತು: ಆ ಮೈನಸ್ ಮಾರ್ಜಿನ್ ಇನ್ನೂ ಅಲ್ಲೇ ಇದೆ, ಅದು ಎಳೆಯಬೇಕಿದ್ದ ಖಾಲಿ ಜಾಗ ಈಗ ಇಲ್ಲ. ಅದನ್ನು ಅಳಿಸಿದೆ. ಇಂಪಾರ್ಟೆಂಟ್ 9 ಕಡೆ ಇವೆ, ಒಂದೊಂದಾಗಿ ತೆಗೆದು ನೋಡುತ್ತಿದ್ದೇನೆ, ನಾಲ್ಕು ಹೋದವು, ಇಲ್ಲಿಯವರೆಗೆ ಏನೂ ಕೆಟ್ಟಿಲ್ಲ.